ಚಕ್ರದ ಕೆಳಗಿನ ನಿಂಬೆಹಣ್ಣು

ನಮ್ಮ ಯಜಮಾನರೂ ಅವರ ಶಾಲೆಯ ಗೆಳೆಯರೂ ಸೇರಿ ಆ ಹಳೆಯ ಬಸ್ಸನ್ನು ಗುಜರಿಯಿಂದ ಬಿಡಿಸಿ ತಂದರು. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದೆ, ಪಕ್ಕದ ಮನೆಯವರ ಖಾಲಿ ಮಗ್ಗದ ಶೆಡ್ಡಿನಲ್ಲಿ ನಿಲ್ಲಿಸಿದರು. ಮೂಗು ಮುಂದೆ ಚಾಚಿದ ಬಸ್ಸು. ಚಿಕ್ಕಂದಿನಲ್ಲಿ ಅವರೆಲ್ಲ ತೂಬಗೆರೆಯಿಂದ ಅದರಲ್ಲೇ ಸ್ಕೂಲಿಗೆ ಬರುತ್ತಿದ್ದರಂತೆ. ಒಂದೇ ಒಂದು ಸಲ ಅದನ್ನು ಅದೇ ದಾರಿಯಲ್ಲಿ ತೂಬಗೆರೆಗೆ ಓಡಿಸಬೇಕೆಂಬುದು ಯಜಮಾನರ ಆಸೆ. ರಿಟೈರಾದ ಮೇಲೆ ಅವರು ಬಾಯಿ ಬಿಟ್ಟು ಮಾತಾಡುತ್ತಿದ್ದುದು ಬಸ್ಸಿನ ವಿಷಯ ಬಂದಾಗ ಮಾತ್ರ.

ಭಾನುವಾರ ಎಲ್ಲರೂ ಸೇರುತ್ತಿದ್ದರು. ನಾನು ಉಪ್ಪಿಟ್ಟು ಮಾಡಿ ಕೊಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಸಣ್ಣ ಹೊಲಿಗೆಯಲ್ಲಿ ಕಿಟಕಿಗಳಿಗೆ ಪರದೆ ಹೊಲಿದೆ. ಬಂದವರಿಗೆಲ್ಲ ಬಣ್ಣ ಬಳಿಯುವುದೇ ಇಷ್ಟ. ಸೀರೆ ಅಂಗಡಿಯ ಗೆಳೆಯರೊಬ್ಬರು ಮಾತ್ರ ಹಳೇ ಲುಂಗಿ ಸುತ್ತಿಕೊಂಡು ಸೀದಾ ಗಾಡಿಯ ಕೆಳಗೆ ನುಗ್ಗುತ್ತಿದ್ದರು. ಬ್ರೇಕು, ಚಕ್ರ, ಗ್ರೀಸು ಅವರದು.

"ಲೇ, ರೇಷ್ಮೆ ಮಡಿಸೋ ಕೈಗೆ ಇದೇನ್ಲಾ ಗತಿ?" ಎಂದು ಮೇಲಿನವರು ರೇಗಿಸಿದರೆ, ಕೆಳಗಿನಿಂದ ಉತ್ತರ ಬರುತ್ತಿತ್ತು: "ನೀವು ಮುಖಕ್ಕೆ ಪೌಡ್ರು ಬಳೀರಪ್ಪಾ, ಕಾಲು ನಾನು ನೋಡ್ಕೋತೀನಿ."

ಮೊದಲ ಆಯುಧಪೂಜೆಗೆ ಇಂಜಿನ್ನಿಗೆ ಜೀವ ಬಂದಿರಲಿಲ್ಲ. ಆದರೂ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಎಲ್ಲರೂ ತಳ್ಳಿದರು. ಗಾಡಿ ಮೆಲ್ಲಗೆ ಉರುಳಿ ಹಣ್ಣುಗಳು ಪಚಕ್ಕೆಂದವು. ಯಜಮಾನರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಪೇಪರಿನವರು ಬಂದು ಫೋಟೋ ತೆಗೆದುಕೊಂಡು ಹೋದರು. ಹೊಸ ಟೀ ಶರ್ಟು ತೊಟ್ಟು ಎಲ್ಲರೂ ನಿಂತಿದ್ದರು. ಪೇಪರಿನಲ್ಲಿ ಬಂದ ಫೋಟೋದ ಕೆಳಗೆ ಎಲ್ಲರ ಹೆಸರೂ ಇತ್ತು, ಸೀರೆ ಅಂಗಡಿಯವರದು ಬಿಟ್ಟು. ಹಿಂದಿನ ಚಕ್ರದ ಪಕ್ಕದಲ್ಲಿ ಎರಡು ಪಾದ ಕಾಣುತ್ತಿದ್ದವು. ಒಂದು ಚಪ್ಪಲಿಗೆ ಪಿನ್ನು ಹಾಕಿತ್ತು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

"ಫೋಟೋದಲ್ಲಿ ಅವರ ಕಾಲು ಮಾತ್ರ ಬಂದಿದೆ ಕಣ್ರೀ. ಒಂದು ಫೋನ್ ಮಾಡಿ" ಎಂದೆ.

"ಮದುವೆ ಸೀಸನ್ನು, ವ್ಯಾಪಾರ ಇರುತ್ತೆ. ಕರೆಯೋಕೆ ನಾವೇನು ಬೀಗರೇನೇ? ಬರ್ತಾನೆ ಬಿಡು."

ಬರಲಿಲ್ಲ. ಉಳಿದವರು ಬಸ್ಸಿನ ಮೈಮೇಲಿನ ಪಟ್ಟಿ ಹಳದಿಯೋ ಬಿಳಿಯೋ ಎಂದು ವಾದ ಮಾಡಿದರು. ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬ್ರಶ್ಶುಗಳು ಸಾಲಾಗಿ ಒಣಗುತ್ತಿದ್ದವು. ಗ್ರೀಸಿನ ಡಬ್ಬಿಯ ಮುಚ್ಚಳದ ಮೇಲೆ ಮಾತ್ರ ಧೂಳು ಕೂತಿತ್ತು. ಬಣ್ಣ ಮುಗಿದ ಮೇಲೆ ಅವರೂ ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು.

ಈ ಸಲದ ಆಯುಧಪೂಜೆಗೆ ಯಜಮಾನರೂ ಶೆಡ್ಡಿನ ಮಾಲೀಕರೂ ಇಬ್ಬರೇ. ಹಬ್ಬ ಕಳೆದರೆ ಅಲ್ಲಿಗೆ ಮತ್ತೆ ಮಗ್ಗ ಬರುತ್ತದೆ. "ಹೊರಗೆ ಉರುಳಿದ್ರೆ ನಿಮ್ಮ ಹಿತ್ತಲಲ್ಲಿ ಇಟ್ಕೊಳ್ಳಿ ಸಾರ್. ಇಲ್ದಿದ್ರೆ ಕುಯ್ಸಿ ಗುಜರಿಗೆ ಹಾಕ್ಬಿಡಿ" ಎಂದರು ಮಾಲೀಕರು.

ಯಜಮಾನರು ನಿಂಬೆಹಣ್ಣಿಟ್ಟು, "ನೀನೂ ಕೈ ಹಾಕು" ಎಂದರು. ಸೆರಗು ಸಿಕ್ಕಿಸಿಕೊಂಡು ತಳ್ಳಿದೆ. ತಗಡು ನುಣ್ಣಗೆ, ತಣ್ಣಗೆ ಇತ್ತು. ಗಾಡಿ ಅಲುಗಲಿಲ್ಲ.

"ಬ್ರೇಕು ಕಚ್ಕೊಂಡಿದೆ" ಎಂದು ಅವರು ಬಗ್ಗಿ, ಗಾಡಿಯ ಕೆಳಗಿನ ಖಾಲಿ ಜಾಗವನ್ನು ನೋಡುತ್ತಾ ನಿಂತರು.

"ಈಗಲಾದರೂ ಫೋನ್ ಮಾಡ್ತೀರಾ?"

"ಏನಂತ ಮಾಡ್ಲಿ?"

ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು. ಕುಂಕುಮ ತೊಳೆದು ಚಿತ್ರಾನ್ನಕ್ಕೆ ಹಿಂಡಿದೆ. ಯಜಮಾನರು ಪೂರ್ತಿ ಊಟ ಮಾಡಿದರು.

"ಹುಳಿ ಸರಿಯಾಗಿದೆ" ಎಂದರು. ಕೈ ತೊಳೆಯುತ್ತಾ, "ಗ್ಯಾಸ್ ಕಟರಿನವನಿಗೆ ಹೇಳ್ಬಿಡ್ತೀನಿ. ನಿನ್ನ ಪರದೆ ಬಿಚ್ಕೋ" ಎಂದರು.

ಬಿಚ್ಚಿಕೊಂಡೆ.