ಕಟ್ಟೆಯ ಮೇಲಿನ ಬೂದಿ ಕರಟ

ಮೊನ್ನೆ ಸೊಸೆ ಅಟ್ಟ ಗುಡಿಸುವಾಗ ಒಂದು ತೆಂಗಿನ ಕರಟ ಕೆಳಗೆ ಬಿತ್ತು. ಒಳಗೆ ಗಟ್ಟಿಯಾಗಿ ಕೂತ ಬೂದಿ. ಬಿಸಾಡಲೇನು ಅಂದಳು. ಮೂಗಿನ ಹತ್ತಿರ ಹಿಡಿದೆ... ಒಲೆಯ ವಾಸನೆ, ಅದರ ಕೆಳಗೆ ನೂಲಿನ ಗಂಜಿಯ ಹುಳಿ ವಾಸನೆ. ಬಾಜೂ ಮನೆಯ ನೇಕಾರ ಬಂದು ಎದುರಿಗೆ ಕೂತಂತಾಯಿತು.

ಬನಹಟ್ಟಿಯಲ್ಲಿ ಅವನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಒಳ್ಳೆಯ ಕೈಯವನು. ಆದರೆ ಹಿಂದಿನಿಂದ ಯಾರಾದರೂ ಹೆಗಲು ಮುಟ್ಟಿದರೆ ಬೆಂಕಿ ತಗುಲಿದವನಂತೆ ಹಾರುತ್ತಿದ್ದ. ಓಣಿಯ ಗಂಡಸರಿಗೆ ಅದೊಂದು ತಮಾಷೆ, ಬೇಕೆಂದೇ ಮುಟ್ಟುತ್ತಿದ್ದರು. ಹೆಂಡತಿ ಹಠ ಹಿಡಿದು ಜಮಖಂಡಿಗೆ, ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಆಕೆ ಎದುರು ಕುರ್ಚಿಯಲ್ಲಿ ಕೂಡಿಸಿ ಕೇಳಿದರೆ ಇವನ ಬಾಯಿ ಬಂದ್. ಎಷ್ಟೋ ಸಲ ಬಸ್ಸು ಹತ್ತಿ ಹೋಗಿ, ನೆಲದ ಫರಸಿ ಕಲ್ಲು ನೋಡಿ ಬಂದ.

ಬಾಯಿ ಬಿಟ್ಟದ್ದು ನನ್ನ ಕಟ್ಟೆಯ ಮೇಲೆ. ಮಗ್ಗದಲ್ಲಿ ಹಳೆಯ ಹಾಸಿನ ಉದ್ದ ನೂಲು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಕೂಡಿಸಿ, ಬೆರಳಿಗೆ ಕರಟದ ಬೂದಿ ಹಚ್ಚಿಕೊಂಡು ಹೊಸೆಯಬೇಕು. ನಾವದಕ್ಕೆ ಕೆಚ್ಚುವುದು ಅನ್ನುತ್ತೇವೆ. ಬೆಳಕು ಛಲೋ ಇದೆಯೆಂದು ನನ್ನ ಕಟ್ಟೆಗೆ ಬರುತ್ತಿದ್ದ. ನಾನು ಎಳೆ ಆರಿಸಿ ಕೊಡುವುದು, ಅವನು ಹೊಸೆಯುವುದು. ಕಣ್ಣೆತ್ತಿದರೆ ಎಳೆ ತಪ್ಪುತ್ತದೆ. ಒಂದು ದಿನ ಹಾಗೆ ತಲೆ ಬಗ್ಗಿಸಿಕೊಂಡೇ ಹೇಳಿದ. ಸಣ್ಣವನಿದ್ದಾಗ ತೇರದಾಳದ ಕಡೆ ಮಗ್ಗ ಕಲಿಯಲು ಬಿಟ್ಟಿದ್ದರಂತೆ. ಕಲಿಸುವ ಯಜಮಾನನೇ ನೂಲಿನ ಕೋಣೆಯಲ್ಲಿ ಮಾಡಬಾರದ್ದನ್ನು ಮಾಡಿದ್ದ. ಒಂದು ಸಲವಲ್ಲ...

ನಾನು ಅಳಲಿಲ್ಲ. ಮುಂದಿನ ಎಳೆ ಹಿಡಿ ಅಂದೆ. ಹಿಡಿದ.

ಕಟ್ಟೆಯ ಮೇಲೆ ಬಾಯಿ ಬಿಟ್ಟದ್ದನ್ನು ಅವನೇ ಹೇಳಿದಾಗ ಡಾಕ್ಟರಮ್ಮ, ಆ ಕಟ್ಟೆಯ ಮೇಲೂ ಕೂಡು, ಇಲ್ಲಿಗೂ ಬಾ ಅಂದಳಂತೆ. ಎರಡೂ ಮಾಡಿದ. ಆಮೇಲೆ ಬೇರೆಯವರನ್ನೂ ಕರೆತಂದ. ಮಲತಂದೆಯ ಕೈಯಲ್ಲಿ ಕಾದ ಸಲಾಕೆಯ ಬರೆ ತಿಂದವನೊಬ್ಬ, ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಹೋಗಿ ಬೀಳಗಿ ಕಡೆಯಿಂದ ಬಂದವನೊಬ್ಬ. ಬೆರಳಲ್ಲಿ ಎಳೆ, ಮುಖ ಕೆಳಗೆ, ಮಾತು ಮೆಲ್ಲಗೆ. ಅವರನ್ನೂ ಜಮಖಂಡಿ ಬಸ್ಸಿಗೆ ಹತ್ತಿಸಿದ. ಗಂಡಸರು ಹೆಂಗಸರ ಹಾಗೆ ಅಳಲು ಕಟ್ಟೆ ಮಾಡಿದ್ದಾಳೆ ಈ ಮುದುಕಿ ಅಂತ ಓಣಿ ನಕ್ಕಿತು. ನಗಲಿ, ಕಟ್ಟೆ ನನ್ನದು.

ಮುಂದೆ ಅವನು ಹೊಸ ಮಗ್ಗ ಹೂಡಿದ. ಹೊಸ ಮಗ್ಗದ ಪೂಜೆಯಲ್ಲಿ ಕಲಿಸಿದವರ ಕಾಲು ಮುಟ್ಟಬೇಕು, ಮೊದಲ ಲಾಳಿಯನ್ನು ಎಳೆಗಳ ನಡುವೆ ಅವರೇ ಒಗೆಯಬೇಕು. ಅದು ನಮ್ಮಲ್ಲಿ ಪದ್ಧತಿ. ಓಣಿಯ ಹಿರಿಯ ಇವನನ್ನು ಕೇಳದೆಯೇ ಆ ಯಜಮಾನನನ್ನು ಜೀಪಿನಲ್ಲಿ ಕರೆತಂದ. ಯಜಮಾನ ತಲೆಗೆ ಪಟಕಾ ಸುತ್ತಿಕೊಂಡು, ಕೋಲೂರುತ್ತ ಬಂದು ಮಗ್ಗದ ಮೇಲೆ ಕೈಯಿಡಲು ಹೋದ.

ನೇಕಾರ ಅಡ್ಡ ನಿಂತ. "ಈ ಕೈ ನನ್ನ ಮಗ್ಗ ಮುಟ್ಟೂದಿಲ್ರಿ. ಸಣ್ಣ ಹುಡುಗನ ಮೈ ಕೆಡಿಸಿದ ಕೈ ಅದು."



"ಗಂಡಸಾಗಿ ಇದನ್ನ ಮಂದ್ಯಾಗ ಹೇಳಾಕ ನಾಚಿಕಿ ಬರೂದಿಲ್ಲೇನಲೇ?" ಅಂದ ಹಿರಿಯ.

"ಬರ್ತಿತ್ರಿ. ಆಯಿ ಕಟ್ಟಿ ಮ್ಯಾಲ ಕೆಚ್ಚಕೋತ ಕುಂತೆ, ಹೋತು."

ಕಟ್ಟೆಗೆ ಕೆಚ್ಚಲು ಬರುವವರೆಲ್ಲ ಮೆಲ್ಲಗೆ ಬಂದು ಅವನ ಪಕ್ಕ ನಿಂತರು. ಯಜಮಾನ ಕೋಲಿನ ತುದಿ ನೋಡುತ್ತ ನಿಂತ. ಆಮೇಲೆ ಜೀಪು ಹತ್ತಿದ. ನೇಕಾರ ನನ್ನ ಕಡೆ ತಿರುಗಿ, "ಆಯಿ, ಲಾಳಿ ನೀ ಒಗಿ ಬಾ" ಅಂದ. ನಾನು ರಂಡೆಮುಂಡೆ, ಪೂಜೆಗೆ ಬಾಗಿಲ ಹೊರಗೆ ನಿಂತವಳು. ಹಿರಿಯ ಅದನ್ನೂ ಎತ್ತಿ ಆಡಿದ. ಗಂಡ ಸತ್ತಾನ, ಕೈ ಸತ್ತಿಲ್ಲ ಅಂದೆ.

ಕೂತು ಒಗೆದೆ. ಲಾಳಿ ಹಾರಿ ಹಿರಿಯನ ಕಾಲ ಬಳಿ ಬಿತ್ತು. ಮೊದಲು ನಕ್ಕವಳು ನೇಕಾರನ ಹೆಂಡತಿ. ಅವನು ಲಾಳಿ ತಂದು, ದೂಳು ಊದಿ, ಮತ್ತೆ ನನ್ನ ಕೈಗೇ ಕೊಟ್ಟ. ಎರಡನೆಯದು ನೆಟ್ಟಗೆ ಹೋಯಿತು.

ಆಮೇಲೆ ಓಣಿಯಲ್ಲಿ ಎಷ್ಟೋ ಮಂದಿ ಅವನ ಮನೆಯ ನೀರು ಕುಡಿಯಲಿಲ್ಲ. ಕಟ್ಟೆಗೆ ಬರುವವರು ಮಾತ್ರ ಹೆಚ್ಚಾದರು. ಕಡೆಕಡೆಗೆ ಅವನ ಮೊಮ್ಮಗಳು ಹಿಂದಿನಿಂದ ಬಂದು ಹೆಗಲಿಗೆ ಜೋತುಬಿದ್ದರೆ ಸುಮ್ಮನಿರುತ್ತಿದ್ದ. ಒಮ್ಮೊಮ್ಮೆ ಹಾರುತ್ತಿದ್ದ, ಸುಳ್ಳೇಕೆ ಹೇಳಲಿ.

ಎದೆನೋವು ಬಂದು ಅವನು ಹೋಗಿ ವರ್ಷಗಳಾದವು. ಎಳೆ ಆರಿಸಲು ನನಗೆ ಕಣ್ಣು ಸಾಲದು, ಹೊಸೆಯಲು ಅವನಿಲ್ಲ. ಒಲೆ ಹೋಗಿ ಗ್ಯಾಸು ಬಂತು, ಮನೆಯಲ್ಲಿ ಉಳಿದ ಬೂದಿ ಇದೊಂದೇ... ಸೊಸೆಗೆ ಕರಟ ಕೊಡದೆ ಕಟ್ಟೆಯ ಮೇಲೆ, ಅದರ ಜಾಗದಲ್ಲೇ ಇಟ್ಟೆ. ಬರುವವರು ಬಂದು ಬೆರಳು ಅದ್ದಲಿ. ನಾನು ಮುಖ ನೋಡುವುದಿಲ್ಲ.