ಪಕ್ಕದ ಮಂಚದ ಪಾಲು

ನನಗೆ ಕೊಟ್ಟಿದ್ದ ಕೆಲಸವೆಂದರೆ ನೋಡುತ್ತ ನಿಲ್ಲುವುದು. ಸಿಂಧನೂರಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಡೆಂಗಿಯಿಂದ ಮಲಗಿದ ಮಕ್ಕಳಿಗೆ ಒಂದು ಬಿಳಿ ಪುಡಿ ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ಬೆಳಿಗ್ಗೆ ಒಂದು ಪೊಟ್ಟಣ, ಸಂಜೆ ಒಂದು. ತಾಯಿ ಅದನ್ನು ಅಳತೆಯ ಲೋಟದ ನೀರಿನಲ್ಲಿ ಕಲಸಬೇಕು. ಮಗು ಕೊನೆಯ ಗುಟುಕಿನವರೆಗೆ ಕುಡಿಯುವುದನ್ನು ನಾನು ಕಣ್ಣಾರೆ ನೋಡಿ ಸಹಿ ಹಾಕಬೇಕು. ನರ್ಸಿಂಗ್ ಓದಿದವಳಿಗೆ ಇದೂ ಒಂದು ಕೆಲಸವೇ ಎಂದು ಮೊದಲ ವಾರ ನಕ್ಕಿದ್ದೆ.

ಪುಡಿಯಲ್ಲಿದ್ದದ್ದು ಒಂದು ಅಮೈನೋ ಆಮ್ಲ. ಬೇಳೆಯಲ್ಲೂ ಕಲ್ಲಂಗಡಿಯಲ್ಲೂ ಇರುವಂಥದ್ದೇ. ಡೆಂಗಿಯಲ್ಲಿ ರಕ್ತನಾಳಗಳು ಸೋರುವುದನ್ನು ಅದು ತಡೆಯುತ್ತದೆಯೇ ಎಂದು ತಿಳಿಯಬೇಕಿತ್ತು. ಅದಕ್ಕೇ ಅರ್ಧ ಮಕ್ಕಳಿಗೆ ಆ ಪುಡಿ, ಉಳಿದರ್ಧಕ್ಕೆ ಬಣ್ಣದಲ್ಲೂ ರುಚಿಯಲ್ಲೂ ಹಾಗೇ ಇರುವ ಬರೀ ಪುಡಿ. ಒಂದೊಂದು ಮಗುವಿಗೂ ಒಂದೊಂದು ಡಬ್ಬಿ ಪೊಟ್ಟಣ, ಡಬ್ಬಿಯ ಮೇಲೆ ನಂಬರು ಮಾತ್ರ. ಯಾವುದು ಯಾವುದೆಂದು ನನಗೂ ಗೊತ್ತಿರಲಿಲ್ಲ, ನಮ್ಮ ಡಾಕ್ಟರಿಗೂ ಗೊತ್ತಿರಲಿಲ್ಲ. ಸಲೈನು, ರಕ್ತಪರೀಕ್ಷೆ, ಉಳಿದ ಆರೈಕೆ ಎಲ್ಲ ಮಕ್ಕಳಿಗೂ ಒಂದೇ.

ಮೂರನೇ ಮಂಚದಲ್ಲಿ ಗುರುಗುಂಟಾದ ಏಳು ವರ್ಷದ ಹುಡುಗಿ ಇದ್ದಳು. ಲಿಂಗಸುಗೂರಿನಲ್ಲಿ ತೋರಿಸಿ, ಗುಣ ಕಾಣದೆ ಇಲ್ಲಿಗೆ ಕರೆತಂದಿದ್ದರು. ಅಪ್ಪನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ. ಪಾಳಿ ಮುಗಿಸಿ ಬಂದವನು ಮಗಳ ಕಾಲ ಬಳಿ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ನಾಲ್ಕನೇ ಮಂಚದಲ್ಲಿ ದಢೇಸುಗೂರಿನ ಐದು ವರ್ಷದವಳು. ತಾಯಂದಿರಿಬ್ಬರೂ ಮೊದಲ ದಿನವೇ ಅಕ್ಕತಂಗಿಯರಾದರು. ಇವಳ ಜೋಳದ ರೊಟ್ಟಿ ಅವಳಿಗೆ, ಅವಳ ಅನ್ನ ಇವಳಿಗೆ. ಕದ್ದುಮುಚ್ಚಿ ತಂದ ಪಪ್ಪಾಯಿ ಎಲೆಯ ರಸವನ್ನು ನಾನು ಬಂದೆನೆಂದರೆ ಇಬ್ಬರೂ ಸೇರಿ ಬಚ್ಚಿಡುತ್ತಿದ್ದರು.

ಒಪ್ಪಿಗೆ ಪತ್ರವನ್ನು ಓದಿ ಹೇಳಿದವಳು ನಾನೇ. 'ಇದರಿಂದ ಒಳ್ಳೆಯದಾಗಬಹುದು, ಆಗದೆಯೂ ಇರಬಹುದು' ಎಂದು ಅದರಲ್ಲಿತ್ತು. ಗುರುಗುಂಟಾದ ತಾಯಿಗೆ ಮೊದಲರ್ಧ ಮಾತ್ರ ಕೇಳಿಸಿತು. ಯಾವ ತಾಯಿಗಾದರೂ ಅಷ್ಟೇ ಕೇಳಿಸುತ್ತದೆ.

ಎರಡನೇ ದಿನ ದಢೇಸುಗೂರಿನ ಕೂಸು ಎದ್ದು ಕೂತು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬೇಕೆಂದು ಹಟ ಹಿಡಿಯಿತು. ಮೂರನೇ ಮಂಚದವಳಿಗೆ ಜ್ವರ ಇಳಿದಿತ್ತು, ಆದರೆ ಮುಖದಲ್ಲಿ ಕಳೆ ಇರಲಿಲ್ಲ. ಡೆಂಗಿ ಹಾಗೆಯೇ, ಜ್ವರ ಇಳಿದ ಮೇಲೆ ಅದರ ನಿಜವಾದ ಆಟ ಶುರು. ಆ ತಾಯಿ ನನ್ನನ್ನು ಬಾಗಿಲ ಹೊರಗೆ ಕರೆದಳು.

"ಅಕ್ಕಾರ, ಅಕಿ ಡಬ್ಬಿ ಖರೇ ಐತಿ. ನಮ್ಮದು ಬರೇ ಹಿಟ್ಟು. ಜರಾ ಬದಲಿ ಮಾಡಿ ಕೊಡ್ರಿ."

"ಯಾವುದು ಖರೇ ಅಂತ ನನಗೂ ಗೊತ್ತಿಲ್ಲವ್ವ."

"ನಿಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮತ್ತ ಯಾರಿಗಿ ಗೊತ್ತೈತಿ?"

"ಬೆಂಗಳೂರಾಗಿನ ಕಂಪ್ಯೂಟರಿಗೆ."

"ಅದು ನನ್ನ ಮಗಳನ್ನ ನೋಡೈತೇನ್ರೀ?" ಎಂದಳು.

ಈಗ ನನ್ನ ತಪ್ಪು ಹೇಳಬೇಕು. ಸಂಜೆಯ ಪುಡಿ ಆರು ಗಂಟೆಗೆ. ನನ್ನ ಮನೆ ಮಸ್ಕಿಯಲ್ಲಿ. ಐದೂವರೆಯ ಬಸ್ಸಿಗೆ ಹೋದರೆ ಕೂರಲು ಸೀಟು ಸಿಗುತ್ತಿತ್ತು. ಡಬ್ಬಿ ಹೇಗೂ ತಾಯಂದಿರ ಕಪಾಟಿನಲ್ಲೇ ಇರುತ್ತದೆ, ಮಗುವಿಗೆ ಕೊಡುವ ಔಷಧಿಯಲ್ಲಿ ತಾಯಿ ಮೋಸ ಮಾಡುತ್ತಾಳೆಯೇ ಎಂದುಕೊಂಡು, ಸಂಜೆಯ ಸಹಿಯನ್ನು ಮುಂಚೆಯೇ ಹಾಕಿ ಹೊರಟುಬಿಡುತ್ತಿದ್ದೆ.

ನಾಲ್ಕನೇ ದಿನ ಬೆಳಿಗ್ಗೆ ದಢೇಸುಗೂರಿನ ತಾಯಿ ತಾನಾಗಿಯೇ, ಒಳ್ಳೆಯ ಸುದ್ದಿ ಹೇಳುವವಳಂತೆ ಹೇಳಿದಳು. "ಎರಡು ಸಂಜಿ ಆತ್ರೀ, ಎರಡೂ ಪೊಟ್ಟಣ ಒಂದ ತಂಬಿಗ್ಯಾಗ ಕಲಸಿ ಅರ್ಧರ್ಧ ಕುಡಸಾಕತ್ತೀವಿ. ಒಂದ ಸಾಲಿನ್ಯಾಗ ಮಲಗಿದ ಕೂಸುಗಳು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸಿದ್ರ ಪಂಕ್ತಿಭೇದ ಆಗಂಗಿಲ್ಲೇನ್ರೀ?"

ಬೈಯಲು ಬಾಯಿ ತೆರೆದವಳಿಗೆ ಅಜ್ಜಿ ನೆನಪಾದಳು. ಚಿಕ್ಕವಳಿದ್ದಾಗ ಮಠದ ದಾಸೋಹದಲ್ಲಿ ನನ್ನ ಎಲೆಗೆ ಎರಡು ಸೌಟು ಹುಗ್ಗಿ ಬಿದ್ದು ಪಕ್ಕದವಳ ಎಲೆಗೆ ಒಂದೇ ಬಿದ್ದಾಗ, ಅಜ್ಜಿ ನನ್ನ ಎಲೆಯಿಂದ ತೆಗೆದು ಅವಳಿಗೆ ಹಾಕಿದ್ದಳು. ಸಾಲಿನಲ್ಲಿ ಕೂತವರಿಗೆ ಭೇದ ಮಾಡುವುದಕ್ಕಿಂತ ದೊಡ್ಡ ಪಾಪವಿಲ್ಲ ಎಂದು ಕಲಿತೇ ನಾನೂ ಬೆಳೆದವಳು. ಅಂಥವಳು ಸಂಬಳ ತೆಗೆದುಕೊಂಡು ಮಾಡುತ್ತಿದ್ದದ್ದೇ ಪಂಕ್ತಿಭೇದ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳು ಸಹಿಯನ್ನೂ ಸೇರಿಸಿ. ಅವರು ಕೂಗಾಡುವ ಮನುಷ್ಯರಲ್ಲ. "ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಡಬೇಕು. ಡಬ್ಬಿ ವಾಪಸ್ ತಗೊಳ್ರಿ" ಎಂದರು. ನಿಯಮ ಅದೇ.

ದಢೇಸುಗೂರಿನವಳು ಡಬ್ಬಿ ಕೊಟ್ಟು ಮುಖ ತಿರುಗಿಸಿದಳು. ಗುರುಗುಂಟಾದವಳು ಕೊಡಲಿಲ್ಲ, ಎದೆಗೆ ಅವುಚಿಕೊಂಡಳು.

"ತಪ್ಪು ನಾ ಮಾಡೀನಿ. ನನ್ನ ಹೊಡೀರಿ ಬೇಕಾದ್ರ. ಕೂಸಿನ ಔಷಧ ಯಾಕ ಕಸಗೋತೀರಿ?"

ಇದು ಶಿಕ್ಷೆಯಲ್ಲ, ಸಲೈನು ನಿಲ್ಲುವುದಿಲ್ಲ, ಈ ಪುಡಿ ಔಷಧ ಹೌದೋ ಅಲ್ಲವೋ ಯಾರಿಗೂ ಗೊತ್ತಿಲ್ಲ ಎಂದೆಲ್ಲ ಹೇಳಿದೆ. ಹೇಳಿದಷ್ಟೂ ನನ್ನ ಮಾತು ನನಗೇ ಪೊಳ್ಳೆನಿಸಿತು. ಗೊತ್ತಿಲ್ಲದ್ದನ್ನು ಕೊಟ್ಟೆವು, ಗೊತ್ತಿಲ್ಲದ್ದನ್ನೇ ಕಿತ್ತುಕೊಂಡೆವು. ಕೊನೆಗೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿ ತೆಗೆದುಕೊಂಡೆ. ಎಣಿಸಿದಾಗ ಒಂದು ಪೊಟ್ಟಣ ಕಡಿಮೆ ಇತ್ತು. ಮತ್ತೆ ಕೇಳುವ ಧೈರ್ಯವಾಗದೆ 'ಕಳೆದಿದೆ' ಎಂದು ಬರೆದೆ.

ಅಂದು ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಹೊಟ್ಟೆ ಉಬ್ಬಿತು, ಕೈಕಾಲು ತಣ್ಣಗಾದವು. ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ಅಪ್ಪ ಹಟ್ಟಿಯಿಂದ ಬರುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ಮರುದಿನ ದಢೇಸುಗೂರಿನ ಕೂಸು ನಡೆದುಕೊಂಡೇ ಮನೆಗೆ ಹೋಯಿತು. ಅದರ ಮರುದಿನ ರಾಯಚೂರಿನಿಂದ ಸುದ್ದಿ ಬಂತು. ಹುಡುಗಿ ಉಳಿಯಲಿಲ್ಲ.

ಪುಡಿ ನಿಲ್ಲಿಸಿದ್ದಕ್ಕೆ ಹೀಗಾಗಲಿಲ್ಲ, ಸ್ಥಿತಿ ಇಷ್ಟು ಕೆಟ್ಟ ಮಕ್ಕಳನ್ನು ಯಾವ ಪುಡಿಯೂ ಉಳಿಸುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಎರಡನೇ ಸಲ ತಮಗೇ ಹೇಳಿಕೊಂಡಂತಿತ್ತು. ನಾನು ಬಸ್ಸಿನಲ್ಲಿ ಸೀಟಿದ್ದರೂ ಮಸ್ಕಿಯವರೆಗೆ ನಿಂತೇ ಹೋದೆ. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಅಳು ಬಂತು.

ಒಂದೂವರೆ ತಿಂಗಳ ಮೇಲೆ ಆ ತಾಯಿ ಯಾವುದೋ ಕಾಗದಕ್ಕೆಂದು ಆಸ್ಪತ್ರೆಗೆ ಬಂದಳು. ನನ್ನನ್ನು ಹುಡುಕಿಕೊಂಡು ಬಂದು, ಸಂಚಿಯಿಂದ ಒಂದು ಪೊಟ್ಟಣ ತೆಗೆದಳು. ಬಾಯಿ ಮಡಚಿ ಪಿನ್ನು ಚುಚ್ಚಿತ್ತು.

"ಅವತ್ತು ಒಂದು ಮುಚ್ಚಿಟ್ಟಿದ್ದೆ ಅಕ್ಕಾರ. ರಾಯಚೂರಾಗ ಮಗಳಿಗಿ ಅರ್ಧಾ ಕುಡಿಸೀನಿ. ಇದು ಆ ಕೂಸಿನ ಪಾಲು. ದಢೇಸುಗೂರಿಗಿ ಮುಟ್ಟಸ್ರಿ."

ಪೂರಾ ಯಾಕೆ ಕುಡಿಸಲಿಲ್ಲ ಎಂದು ಕೇಳಲಿಲ್ಲ. ಆ ಕೂಸು ಚೆನ್ನಾಗಿದೆ, ಅದಕ್ಕಿನ್ನು ಇದು ಬೇಡ ಎಂದು ಹೇಳಲೂ ಆಗಲಿಲ್ಲ.

"ಮುಟ್ಟಸ್ತೀನವ್ವ" ಎಂದೆ. ನಾನು ಅದನ್ನು ಬ್ಯಾಗಿನೊಳಗಿಟ್ಟು ಜಿಪ್ಪು ಎಳೆಯುವವರೆಗೂ ಅವಳು ನೋಡುತ್ತ ನಿಂತಿದ್ದಳು.