ಅಕ್ಕನ ಕೈಯ ವಾಸನೆ

ಬೆಳಕು ಹರಿಯುವ ಹೊತ್ತು. ಪಶು ಆಸ್ಪತ್ರೆಯ ಕೊಟ್ಟಿಗೆಯಲ್ಲಿ ಮಲಗಿದ ಎತ್ತಿನ ಪಕ್ಕೆಗೆ ಕಿವಿಯೊತ್ತಿ ಅಕ್ಕ ಕೂತಿದ್ದಾರೆ. ಡಾಕ್ಟರಿಂದ ಕಾವಲುಗಾರನವರೆಗೆ ಎಲ್ಲರಿಗೂ ಅವರು ಅಕ್ಕನೇ. ಎತ್ತಿನ ಹೊಟ್ಟೆಯೊಳಗೆ ಗುಡುಗುಡು ಸದ್ದು ಕೇಳಬೇಕು, ಕೇಳುತ್ತಿಲ್ಲ. "ಮಾತಾಡೋ ನಮ್ಮಪ್ಪಾ" ಎನ್ನುತ್ತಾರೆ.

ಎತ್ತಿನ ಹೆಸರು ಡೊಳ್ಳಣ್ಣ. ಪಕ್ಕೆಯಲ್ಲಿ ಡಾಕ್ಟರು ಮಾಡಿದ ಅಂಗೈಯಗಲದ ಕಿಂಡಿ, ಅದಕ್ಕೊಂದು ರಬ್ಬರ್ ಮುಚ್ಚಳ. ದಿನಾ ಬೆಳಿಗ್ಗೆ ಅದರೊಳಗೆ ಮೊಣಕೈವರೆಗೆ ಕೈಯಿಳಿಸಿ, ಅರೆಬರೆ ಕರಗಿದ ಹುಲ್ಲು ತೆಗೆದು ಬಟ್ಟೆಯಲ್ಲಿ ಹಿಂಡುವುದು ಅಕ್ಕನ ಕೆಲಸ. ಚಪ್ಪಾಳೆ ಗಿಟ್ಟುವ ಕೆಲಸವಲ್ಲ ಬಿಡಿ. ಆ ರಸದ ತುಂಬ ಕಣ್ಣಿಗೆ ಕಾಣದ ಜೀವಿಗಳು. ಒರಟು ಹುಲ್ಲನ್ನು ಕರಗಿಸಿಕೊಡುವವು ಅವೇ. ಅವು ಸತ್ತರೆ ಹೊಟ್ಟೆ ತುಂಬ ಹುಲ್ಲಿದ್ದರೂ ದನ ಉಪವಾಸ. ಅಂಥ ಎಷ್ಟೋ ದನಗಳು ಡೊಳ್ಳಣ್ಣನ ರಸ ಕುಡಿದು ಎದ್ದಿವೆ. ತಣ್ಣಗಾದರೆ ರಸ ಕೆಟ್ಟೀತೆಂದು ಅಕ್ಕ ಬಾಟಲಿಯನ್ನು ಶಾಲಿನೊಳಗೆ ಅವಚಿಕೊಂಡೇ ಬಸ್ಸು ಹತ್ತುತ್ತಾರೆ. ಆ ರಸದ ವಾಸನೆಗೆ ಪಕ್ಕದ ಸೀಟು ಯಾವಾಗಲೂ ಖಾಲಿ.

"ನನ್ನ ಮಗಳೇ ಮೂಗು ಮುಚ್ಕೋತಾಳೆ, ಇನ್ನು ಊರೋರನ್ನ ಏನನ್ನೋದು?" ಎನ್ನುತ್ತಾರೆ ಅಕ್ಕ.

ಕಳೆದ ವಾರ ಡೊಳ್ಳಣ್ಣನ ಗೊರಸಿನಲ್ಲಿ ಕೀವಾಯಿತು. ಡಾಕ್ಟರು ಸೂಜಿ ಹಾಕಲು ಹೇಳಿದರು. "ಸೂಜಿ ಕಂಡ್ರೆ ಗಡಗಡ ನಡುಗ್ತಾನೆ ನೋಡಿ. ಕೀವಿನ ಮಾತ್ರೆ ಅಲ್ಲೇ ಇತ್ತು. ಪುಡಿ ಮಾಡಿ ಹಿಂಡೀಲಿ ಕಲಸಿ ನಾನೇ ತಿನ್ನಿಸ್ದೆ. ಎರಡೂ ಒಂದೇ ಅಲ್ವಾ ಅಂದ್ಕೊಂಡೆ," ಎನ್ನುತ್ತಾರೆ ಅಕ್ಕ. ಗೊರಸು ವಾಸಿಯಾಯಿತು. ಆದರೆ ನೇರ ಹೊಟ್ಟೆಗಿಳಿದ ಮಾತ್ರೆ ಅಲ್ಲಿಯ ಜೀವಿಗಳನ್ನೂ ಕೊಂದುಹಾಕಿತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ಅಳುತ್ತಾರೆ.

ಈಗ ಬೇರೆ ದನದ ರಸ ಬೇಕು. ಕಿಂಡಿಯಿರುವುದು ಇವನೊಬ್ಬನಿಗೇ. ಉಳಿದವಕ್ಕೆ ಗಂಟಲಿಗೆ ಕೊಳವೆ ಇಳಿಸಬೇಕು. ಡೊಳ್ಳಣ್ಣ ಉಳಿಸಿದ ದನಗಳ ಮನೆ ಬಾಗಿಲಿಗೆಲ್ಲ ಅಕ್ಕ ಎಡತಾಕಿದರು. "ನಮ್ದಕ್ಕೆ ಏನಾದ್ರೂ ಆದ್ರೆ?" ಎಂದು ಒಬ್ಬರಾದ ಮೇಲೊಬ್ಬರು ಹಿಂಜರಿದರು. ಹಾಲು ಮಾರುವ ಅಜ್ಜಿಯೊಬ್ಬರು ಮಾತ್ರ, "ತಗೊಂಡ್ಹೋಗೇ ತಾಯಿ, ಇದು ಅವನು ಕೊಟ್ಟ ಜೀವ" ಎಂದು ಹಸುವಿನ ಮೂತಿ ಹಿಡಿದು ನಿಂತರು. ಸಿಕ್ಕಿದ್ದು ಅರ್ಧ ಬಾಟಲಿ. ಇಷ್ಟು ದೊಡ್ಡ ಡೊಳ್ಳಿಗೆ ಅದು ಯಾವ ಮೂಲೆಗೆ! ನಿನ್ನೆ ಸಂಜೆ ಅದನ್ನೇ ಕಿಂಡಿಯಲ್ಲಿ ಸುರಿದು, ಅಕ್ಕ ಇಲ್ಲೇ ಉಳಿದರು.

ಈಗ ಮುಚ್ಚಳ ತೆಗೆದು ಕೈಯಿಳಿಸುತ್ತಾರೆ. ಮೊನ್ನೆ ತಿಂದ ಹುಲ್ಲು ತಿಂದಂತೆಯೇ ಇದೆ. ಕೈ ಹೊರಗೆಳೆದು ಮೂಸುತ್ತಾರೆ. ಬರೀ ಕೊಳೆತ ನಾತ.

"ಇದು ನಮ್ಮ ವಾಸನೆ ಅಲ್ಲ," ಎನ್ನುತ್ತಾರೆ. "ಆ ಹಳೇ ವಾಸನೆ ಒಂದ್ಸಲ ಬರ್ಲಿ. ಬಸ್ಸಲ್ಲಿ ಎಲ್ಲರೂ ಮೂಗು ಮುಚ್ಕೊಂಡು ದೂರ ಸರೀಲಿ. ನಂಗಿನ್ನೇನೂ ಬೇಡ."